ಇಬ್ಬರ ಹೆಸರಿನ ಲಂಕಾವಿ

…ಗೆದ್ದೆ ಅತ್ತೆ, ಗೆದ್ದೇ ಬಿಟ್ಟೆ! ದುಡ್ಡು ಪೂರ್ತಿ ವಾಪಸ್ ಕೊಡ್ತಾರಂತೆ. ಅಲ್ಲ, ನಿಮಗೆ ಖುಷೀನೇ ಇಲ್ವಾ? ಆ ಟ್ರಾವೆಲ್ಸ್ ಹುಡುಗಿ ಹತ್ರ ಅಡುಗೆಮನೇಲಿ ನಿಂತು ಗಂಟಲು ಹರ್ಕೊಂಡಿದೀನಿ. ಕೇಳಿಸ್ತಾ? ಕೇಳಿಸದೇ ಏನು, ಇಡೀ ಬಾಂಗ್ಸಾರ್ ಬಡಾವಣೆಗೇ ಕೇಳಿಸಿರತ್ತೆ! ನಿಮ್ಮ ಮಗ ಆ ರೂಮಲ್ಲಿ ಮೀಟಿಂಗ್ ಮುಗಿಸ್ಲಿ, ಹೇಳ್ತೀನಿ. "ಬಿಡು ಮಯೂರಿ, ಅವರು ಕೊಡಲ್ಲ" ಅಂತಿದ್ರಲ್ಲ, ಈಗೇನಂತಾರೆ ನೋಡೋಣ.

ಎಂಥಾ ಗಟ್ಟಿಗಿತ್ತಿ ಅಂತೀರಿ ಅವಳು! ಹೋದ ವರ್ಷ ನೀವು ಈ ದೇಶಕ್ಕೆ ಬಂದ ಹೊಸದರಲ್ಲಿ, ಅಕ್ಕತಂಗೀರು ಒಟ್ಟಿಗೆ ಒಂದ್ಸಲ ಸಮುದ್ರ ನೋಡ್ಲಿ ಅಂತ, ನಿಮಗೂ ಜಲಜಾ ದೊಡ್ಡಮ್ಮಂಗೂ ಲಂಕಾವಿ ದ್ವೀಪದ ಟ್ರಿಪ್ಪು ಫೋನಲ್ಲೇ ಬುಕ್ ಮಾಡಿದ್ನಲ್ಲ. ದೊಡ್ಡಮ್ಮ ಯುಗಾದಿ ಮುಗಿಸ್ಕೊಂಡು ಮೈಸೂರಿಂದ ಬರೋದು ಅಂತಿತ್ತು. ಅಷ್ಟರಲ್ಲಿ ಈ ಹಾಳು ಕೊರೋನಾ. ವಿಮಾನ ನಿಂತ್ವು, ನೀವಿಲ್ಲಿ, ಅವರಲ್ಲಿ. ಬುಕ್ ಮಾಡೋವಾಗ ಇದೇ ಹುಡುಗಿ "ಟ್ರಿಪ್ ಆಗ್ಲಿಲ್ಲ ಅಂದ್ರೆ ಕ್ಯಾಶ್ ವಾಪಸ್ ಲಾ, ಡೋಂಟ್ ವರಿ ಲಾ" ಅಂತ ಮಾತಿಗೊಂದು ಲಾ ಸೇರಿಸಿ ಹೇಳಿದ್ಳು. ಈಗ ಕೇಳಿದ್ರೆ, ನಾನ್ಯಾವಾಗ ಹೇಳ್ದೆ, ಬರವಣಿಗೇಲಿ ಇದೆಯಾ ಅಂತಾಳೆ! ಬರೀ ವೋಚರ್ ಕೊಡ್ತಾರಂತೆ. ಅದೂ ಇದೇ ಇಬ್ರೇ ಹೋಗ್ಬೇಕಂತೆ, ಚಂದ್ರಮ್ಮ, ಜಲಜಾ. ಹೆಸರು ಬದಲಾಯಿಸೋ ಹಾಗಿಲ್ವಂತೆ. ಆಹಾಹಾ!

ಇಂಗ್ಲಿಷಲ್ಲಿ ನಯವಾಗಿ ಹೇಳಿ ನೋಡಿದೆ, ಬಗ್ಗಲಿಲ್ಲ. ಅವಳೂ ತಮಿಳಿನೋಳೇ ಅಂತ ಗೊತ್ತಾಯ್ತು, ಆಮೇಲೆ ತಮಿಳಿಗೆ ಇಳಿದೆ. ಬೆಂಗಳೂರಿನ ಶ್ರೀರಾಮಪುರದಲ್ಲಿ ಬೆಳೆದೋಳು ನಾನು, ನನ್ನ ಹತ್ರಾನಾ? "ಫೋನಲ್ಲಿ ಕೊಟ್ಟ ಮಾತು ಮಾತಲ್ವೇನಮ್ಮಾ? ಫೋನಲ್ಲೇ ಕಾರ್ಡ್ ನಂಬರ್ ತಗೊಂಡ್ಯಲ್ಲ, ಆವಾಗ ಬರವಣಿಗೆ ಕೇಳಿದ್ಯಾ? ಗ್ರಾಹಕರ ಕೋರ್ಟಿಗೆ ಎಳೀತೀನಿ" ಅಂತ ಜಾಡಿಸಿದೆ.

ಹೂಂ, ಒಪ್ಕೊಂಡ್ಳು. ಹೇಗೆ ಅಂದ್ರೆ… ಕೋರ್ಟು ಅಂದ ತಕ್ಷಣ ಬಾಲ ಮುದುರ್ಕೊಂಡ್ಳು, ಅಷ್ಟೇ. ಕೊನೇಲಿ "ಸಾರಿ ಅಕ್ಕಾ" ಅಂತ ಬೇರೆ ಅಂದ್ಳು ಪಾಪ… ಪಾಪ ಏನು ಬಂತು, ಇಷ್ಟು ದಿನ ಸತಾಯಿಸಿದ್ಳಲ್ಲ!

ಯಾಕೆ ಹಾಗೆ ನೋಡ್ತೀರಿ? ಬಿಡಿ ಅತ್ತೆ ಆ ಹುರುಳಿಕಾಯಿ. ಇವತ್ತು ಅಡುಗೆ ಬೇಡ, ಕೆಳಗಡೆ ಮಾಮಕ್ ಹೋಟ್ಲಿಂದ ರೊಟ್ಟಿ ತಪಾವ್, ಅದೇ ಪಾರ್ಸಲ್, ಮಾಡಿಸ್ಕೊಂಡು ತಿನ್ನೋಣ. ಬೇಡ್ವಾ? ಟ್ರಿಪ್ ಹೋಯ್ತಲ್ಲ ಅಂತ ಬೇಜಾರಾ? ಅಯ್ಯೋ, ಮತ್ತೆ ಬುಕ್ ಮಾಡೋಣ. ಎಲ್ಲ ಒಂದು ಹದಕ್ಕೆ ಬರ್ಲಿ, ದೊಡ್ಡಮ್ಮನ್ನ… ಅವರನ್ನೂ ಕರೆಸ್ಕೊಂಡು… ಹೂಂ, ಇವತ್ತೂ ಫೋನ್ ಮಾಡಿದ್ದೆ. ಎತ್ತಲಿಲ್ಲ. ಕಿವಿಗೆ ಮಿಷನ್ ಹಾಕ್ಕೊಂಡಿರಲ್ಲ ಅವರು, ಗೊತ್ತಲ್ಲ. ಅವರ ಮಗ ಸುಬ್ರಾಯ ಹೇಳ್ದ, ಆರಾಮಾಗಿದಾರಂತೆ. ಚಂದ್ರು ಮಾತ್ರೆ ಸರಿಯಾಗಿ ತಗೋತಿದಾಳಾ ಅಂತ ಕೇಳಿದ್ರಂತೆ.

ಇರಿ, ಪಕ್ಕದ ಮನೆ ತಮಿಳು ಅಜ್ಜಿ ಬಾಲ್ಕನಿಯಿಂದ ಕೂಗ್ತಿದಾರೆ. ನೀವು ಕೂತ್ಕೊಳ್ಳಿ, ನಾನು ಮಾತಾಡ್ತೀನಿ. ನುಗ್ಗೆಕಾಯಿ ಜಾಸ್ತಿ ಇದೆಯಂತೆ, ನಿಮಗೆ ಬೇಕಾ ಅಂತ… ಅರೆ! ನಾನು ಕನ್ನಡದಲ್ಲಿ ಹೇಳೋಕೆ ಮುಂಚೇನೇ ಬೇಡ ಅಂತ ಕೈ ಆಡಿಸಿದ್ರಲ್ಲ? ಅವರು ತಮಿಳಲ್ಲಿ ತಾನೆ ಕೇಳಿದ್ದು?

ಅತ್ತೆ… ಈ ಒಂದೂವರೆ ವರ್ಷ ದಿನಾ ಸಾಯಂಕಾಲ ಬಾಲ್ಕನೀಲಿ ನಿಂತು ಆ ಅಜ್ಜಿ ಜೊತೆ ಅಷ್ಟು ನಗ್ತಿದ್ರಲ್ಲ. ಏನೋ ಕೈಸನ್ನೆ ಬಾಯ್ಸನ್ನೆ ಮಾಡ್ಕೊಂಡು ಇಬ್ರೂ ಕಾಲ ಕಳೀತಿದಾರೆ ಅಂದ್ಕೊಂಡಿದ್ದೆ ನಾನು. ಎಲ್ಲಾ ಅರ್ಥ ಆಗತ್ತಾ ನಿಮಗೆ? ಎಲ್ಲಾ ಅಂದ್ರೆ… ಈಗ ನಾನು ಅವಳಿಗೆ ಫೋನಲ್ಲಿ ಹೇಳಿದ್ದು?

ಮಾತಾಡಿ ಅತ್ತೆ. ನಿಮ್ಮ ದಮ್ಮಯ್ಯ, ಬೈಯಿರಿ, ಏನಾದ್ರೂ ಅನ್ನಿ.

ಎಲ್ಲಿಗೆ ಎದ್ರಿ? ಬೆಳಿಗ್ಗೇನೇ ಸ್ನಾನ ಆಯ್ತಲ್ಲ, ಟವಲ್ ಯಾಕೆ… ಅಯ್ಯೋ. ಸುದ್ದಿ ಕಿವಿಗೆ ಬಿದ್ದಮೇಲೆ ತಲೆ ಮೇಲೆ ನೀರು ಹಾಕ್ಕೋಬೇಕು ಅಂತಾನಾ? ಬಾಗಿಲು ಹಾಕ್ಬೇಡಿ ಅತ್ತೆ!

ದೊಡ್ಡಮ್ಮ ಮೇ ತಿಂಗಳಲ್ಲಿ ಹೋದ್ರು. ನಿಮಗೆ ಇಲ್ಲಿ ಆಸ್ಪತ್ರೇಲಿ ಆಕ್ಸಿಜನ್ ಹಾಕಿದ್ರಲ್ಲ, ಆ ವಾರಾನೇ. ಈಗ ಹೇಳ್ಬೇಡಿ, ತಡ್ಕೊಳ್ಳಲ್ಲ ಅಂದ್ರು ಡಾಕ್ಟ್ರು. ನೀವು ಮನೆಗೆ ಬಂದ್ಮೇಲೆ ಹೇಳೋಣ ಅಂದ್ಕೊಂಡ್ವಿ, ಆಮೇಲೆ ನಾಲ್ಕು ಹೆಜ್ಜೆ ನಡೆಯೋ ಹಾಗಾಗ್ಲಿ ಅಂದ್ಕೊಂಡ್ವಿ… ಬಾಯೇ ಬರಲಿಲ್ಲ ಅತ್ತೆ. ವೋಚರ್ ಯಾಕೆ ಬೇಡ, ಯಾಕೆ ಬೇಡ ಅಂತ ಅವಳು ಪೀಡಿಸಿದ್ಳು ನೋಡಿ, ಇಬ್ಬರಲ್ಲಿ ಒಬ್ಬರು ತೀರ್ಕೊಂಡ್ರು ಕಣಮ್ಮಾ ಅಂತ ಬಂದುಬಿಡ್ತು. ನಿಮಗೆ ಮೊದಲು ಹೇಳ್ಬೇಕಾದ್ದನ್ನ ಯಾವಳೋ ಗುರುತಿಲ್ಲದವಳಿಗೆ ಹೇಳಿದೆ.

ಅತ್ತೆ… ಗೀಸರ್ ಹಾಕಿಲ್ಲ. ತಣ್ಣೀರು ಸುರ್ಕೋಬೇಡಿ, ನಿಮ್ಮ ಎದೆ ಇನ್ನೂ ಸರಿಹೋಗಿಲ್ಲ. ಬಾಗಿಲು ತೆಗೀರಿ. ನಾನು ಬಿಸಿನೀರು ತಂದು ಹುಯ್ತೀನಿ… ಅತ್ತೆ?