ಮೂರು ಸಲ ಜಗ್ಗಿದ ಹಗ್ಗ

ದೀಪ ಸ್ವಲ್ಪ ಸಣ್ಣದು ಮಾಡಿ... ಹಾಂ, ಅಷ್ಟು ಸಾಕು. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಪಕ್ಕದ ಮನೆಯ ಅಕ್ಕನ ತಮ್ಮನಿಗೆ ಆದದ್ದು. ಅವನು ಈಗಲೂ ಇದ್ದಾನೆ. ನಂಬಿಕೆ ಬರದಿದ್ದರೆ ನಾಳೆ ಹೋಗಿ ಅವನ ಅಂಗೈ ನೋಡಿಕೊಂಡು ಬನ್ನಿ.

ರಾತ್ರಿ ಹನ್ನೊಂದು ದಾಟಿತ್ತು. ಹೆಂಡದಂಗಡಿಯ ಶಟರು ಅವನ ಬೆನ್ನ ಹಿಂದೆಯೇ ಗರಗರ ಎಂದು ಇಳಿಯಿತು. ಮನೆಗೆ ಎರಡು ದಾರಿ. ಒಂದು ದೊಡ್ಡ ರಸ್ತೆ. ಇನ್ನೊಂದು ಮುಚ್ಚಿಹೋದ ನೂಲಿನ ಕಾರ್ಖಾನೆಯ ಹಿಂದಿನ ಓಣಿ. ಆ ಓಣಿಯಲ್ಲಿ ಬಾವಿ. ಇವತ್ತು ದೊಡ್ಡ ರಸ್ತೆಯಲ್ಲೇ ಹೋಗುತ್ತೇನೆ ಅಂತ ದಿನಾ ಸಂಜೆ ಅಂದುಕೊಳ್ಳುತ್ತಿದ್ದ. ಕುಡುಕನ ಮಾತು, ಕತ್ತಲಾದರೆ ಹೋಯಿತು. ಕಾಲು ಓಣಿಗೇ ತಿರುಗುತ್ತಿತ್ತು.

ಮೊದಲು ಸದ್ದು ಬಂತು. ಒದ್ದೆಯಾದ ನಾರಿನ ಹಗ್ಗ ಕಲ್ಲಿಗೆ ಉಜ್ಜುವ ಸದ್ದು... ಸರಕ್. ಸರಕ್. ಆಮೇಲೆ ಅವನ ಸೊಂಟದಲ್ಲಿ, ಏನೂ ಕಟ್ಟಿಕೊಂಡಿರದ ಬರೀ ಸೊಂಟದಲ್ಲಿ, ಯಾರೋ ಜಗ್ಗಿದರು. ಒಂದು... ಎರಡು... ಮೂರು.

ಆ ಮೂರಕ್ಕೆ ಅರ್ಥವಿತ್ತು. ಬೀದಿಯವರು ಅವನನ್ನು ಹಗ್ಗದಣ್ಣ ಎಂದು ಕರೆಯುತ್ತಿದ್ದದ್ದೇ ಅದಕ್ಕೆ. ಬಾವಿಯ ಹೂಳು ತೆಗೆಯುವುದು ಅವನ ಕಸುಬು. ಅಕ್ಕನ ಗಂಡ, ಅಂದರೆ ಅವನ ಭಾವ, ಕೆಳಗೆ ಇಳಿಯುವವನು. ಇವನು ಮೇಲೆ ನಿಂತು, ಭಾವನಿಗೆ ಕಟ್ಟಿದ ಹಗ್ಗವನ್ನು ಗೂಟಕ್ಕೊಂದು ಸುತ್ತು, ತನ್ನ ಸೊಂಟಕ್ಕೊಂದು ಸುತ್ತು ಹಾಕಿ ಹಿಡಿಯುವವನು. ಅಷ್ಟು ಆಳದಲ್ಲಿ ಕೂಗಿದರೆ ಮಾತು ತಿಳಿಯುವುದಿಲ್ಲ, ಬರೀ ಮೊಳಗು ಕೇಳುತ್ತದೆ. ಹಾಗಾಗಿ ಹಗ್ಗವೇ ಮಾತಾಡಬೇಕು. ಒಂದು ಜಗ್ಗಿದರೆ ನಿಲ್ಲಿಸು. ಎರಡು ಜಗ್ಗಿದರೆ ಸಡಿಲ ಬಿಡು. ಮೂರು ಜಗ್ಗಿದರೆ ನನ್ನನ್ನು ಮೇಲೆತ್ತು. ಮೇಲಿನವನು ಅಷ್ಟೇ ಸಲ ತಿರುಗಿ ಜಗ್ಗಬೇಕು. ಆ ಮರುಜಗ್ಗು ಸಿಕ್ಕ ಮೇಲೆಯೇ ಕೆಳಗಿನವನು ಗೋಡೆಯ ಕಲ್ಲು ಬಿಟ್ಟು, ಮೈಭಾರವನ್ನೆಲ್ಲ ಹಗ್ಗಕ್ಕೆ ಹಾಕುವುದು.

ಭಾವ ಅದೇ ಬಾವಿಯಲ್ಲಿ ಸತ್ತು ಎಂಟು ತಿಂಗಳಾಗಿತ್ತು. ಕಾಲು ಜಾರಿತು ಅಂತ ಹಗ್ಗದಣ್ಣ ಹೇಳಿದ್ದ. ಊರು ನಂಬಿತು. ಅಕ್ಕನೂ ನಂಬಿದಳು. ಬಾವಿಗೆ ಹಲಗೆ ಮುಚ್ಚಿದರು.

ಜಗ್ಗಿದಾಗಲೆಲ್ಲ ಅವನು ಜೇಬಿನಿಂದ ಸಣ್ಣ ಬಾಟ್ಲಿ ತೆಗೆಯುತ್ತಿದ್ದ. ಗುಳುಕ್... ಗುಳುಕ್. ಸೊಂಟ ಸಡಿಲವಾಗುತ್ತಿತ್ತು. ಅದೇ ಆ ಬಾಟ್ಲಿಯ ಮೋಸ ನೋಡಿ. ನಿಲ್ಲಲಿ ಅಂತ ಕುಡಿಯುವುದು. ಕುಡಿದದ್ದು ಇಳಿದ ಕೂಡಲೇ ಮತ್ತೆ ಜಗ್ಗು, ಮೊದಲಿಗಿಂತ ಜೋರಾಗಿ. ಮೊದಲಿಂದಲೂ ಕುಡಿಯುತ್ತಿದ್ದವನು ಈಗ ಹಲ್ಲುಜ್ಜುವ ಮುಂಚೆಯೇ ಶುರು ಮಾಡಿದ. ನಾಲ್ಕು ಸಲ ತಾನೇ ಬಿಡಲು ನೋಡಿದ. ನಾಲ್ಕನೇ ಸಲ ಎರಡನೇ ದಿನಕ್ಕೇ ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದ. ನಾಯಿ ಬಾಲ ಡೊಂಕೇ ಅಂತ ಬೀದಿ ನಕ್ಕಿತು. ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ.

ಆ ರಾತ್ರಿ ಬಾಟ್ಲಿ ಖಾಲಿ.

ಸರಕ್... ಸರಕ್. ಮೂರು ಜಗ್ಗು. ಅವನು ಹೆಜ್ಜೆ ಇಟ್ಟ. ಮತ್ತೆ ಮೂರು. ಇನ್ನೊಂದು ಹೆಜ್ಜೆ. ಹಲಗೆ ಕಿರ್ರ್ ಎಂದಿತು. ಆಮೇಲೆ ಏನಾಯಿತೋ ಅವನಿಗೆ ಗೊತ್ತಿಲ್ಲ. ಹುಡುಕಿಕೊಂಡು ಬಂದವರ ಬ್ಯಾಟರಿ ಬೆಳಕು ಮುಖಕ್ಕೆ ಬಿತ್ತು. ಅಕ್ಕ.

"ಯಾರ ಜೊತೆ ಮಾತಾಡ್ತಿದ್ದೀಯೋ?" ಪಿಸುದನಿಯಲ್ಲಿ ಕೇಳಿದಳು.

"ಯಾರೂ ಇಲ್ಲ."

"ಬಂದೆ ಭಾವ, ಬಂದೆ ಅಂತಿದ್ದೆ."

"ಇಲ್ವಲ್ಲ..."

"ನಿನ್ನ ಕಾಲು ನೋಡ್ಕೋ."

ನೋಡಿಕೊಂಡ. ಒಂದು ಹಲಗೆ ಪಕ್ಕಕ್ಕೆ ಸರಿದಿತ್ತು. ಒಂದು ಕಾಲು ಮೊಣಕಾಲಿನವರೆಗೆ ಬಾವಿಯ ಒಳಗಿತ್ತು. ಅಕ್ಕ ಅವನ ಕಾಲರು ಹಿಡಿದು ಹಿಂದಕ್ಕೆ ಎಳೆದಳು. ನೆಲದ ಮೇಲೆ ಇಬ್ಬರೂ ಕುಸಿದು ಕೂತರು.

"ಒಬ್ಬರನ್ನ ಈ ಬಾವಿಗೆ ಕೊಟ್ಟಿದ್ದೀನಿ," ಅಂದಳು. "ಇನ್ನೊಬ್ಬನನ್ನ ಕೊಡಲ್ಲ. ಬೆಳಿಗ್ಗೆ ಎದ್ದು ಹೊರಡೋದು. ನಿನ್ನನ್ನ ಕೇಳ್ತಾ ಇಲ್ಲ, ಹೇಳ್ತಾ ಇದೀನಿ."

ಅವಳು ಅಳುತ್ತಿರಲಿಲ್ಲ. ಅವಳು ಅತ್ತಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಕುಡಿತ ಬಿಡಿಸುವ ಆಸ್ಪತ್ರೆ ಊರಾಚೆ, ಎರಡಂತಸ್ತಿನ ಹಳದಿ ಕಟ್ಟಡ. ಹೋಗಿ ಮಾತ್ರೆ ತಂದುಕೊಳ್ಳುವ ಜಾಗವಲ್ಲ. ಅಲ್ಲೇ ಇರಬೇಕು, ಅರವತ್ತು ದಿನ. ಬಾಗಿಲಲ್ಲೇ ಬೆಲ್ಟು, ಶೂ ಲೇಸು, ಪೈಜಾಮದ ಲಾಡಿ, ಎಲ್ಲ ತೆಗೆಸಿ ಚೀಲಕ್ಕೆ ಹಾಕಿ ಹೆಸರು ಬರೆದರು. ಹಗ್ಗದಣ್ಣನ ಹತ್ತಿರ ಒಂದು ಗೇಣು ದಾರವೂ ಉಳಿಯಲಿಲ್ಲ. ಅವನಿಗೆ ಅಷ್ಟರಲ್ಲೂ ನಗು ಬಂತು.

ಡಾಕ್ಟರಮ್ಮ ಗಡಸು ಹೆಂಗಸು. ಕೇಳಿದಳು, "ಮನಸ್ಸು ಗಟ್ಟಿ ಇಲ್ಲ, ಅದಕ್ಕೇ ಕುಡೀತಾನೆ ಅಂತ ಎಷ್ಟು ಜನ ಹೇಳಿದಾರೆ?"

"ಯಾರು ಹೇಳಿಲ್ಲ ಅಂತ ಕೇಳಿ ಮೇಡಂ."

"ಕಾಲು ಮುರಿದವನಿಗೆ ಮನಸ್ಸು ಗಟ್ಟಿ ಮಾಡ್ಕೊಂಡು ಓಡು ಅಂತಾರಾ? ಇದೂ ಕಾಯಿಲೆನೇ. ಮೈಗೆ ಹೆಂಡ ಇಲ್ಲದೆ ನಿಲ್ಲೋಕೆ ಮರೆತು ಹೋಗಿದೆ. ನೀವೊಬ್ಬರೇ ದಿಢೀರಂತ ಬಿಟ್ಟಿರಲ್ಲ, ಆ ಫಿಟ್ಸಲ್ಲೇ ಜೀವ ಹೋಗಬಹುದಿತ್ತು. ಅದಕ್ಕೇ ಇಲ್ಲಿ ಇರಬೇಕು, ನಾವು ನೋಡ್ತಾ ಇರಬೇಕು. ಮೂರನೇ ರಾತ್ರಿ ಕಷ್ಟ. ಇಲ್ಲದ್ದು ಕಾಣುತ್ತೆ, ಇಲ್ಲದ್ದು ಕೇಳುತ್ತೆ."

"ಇಲ್ಲದ ಹಗ್ಗ ಜಗ್ಗುತ್ತಾ ಮೇಡಂ?"

ಅವಳ ಪೆನ್ನು ನಿಂತಿತು. "ಜಗ್ಗಬಹುದು. ಜಗ್ಗಿದ್ರೆ ಬೆಲ್ ಒತ್ತಿ. ಒಬ್ಬರೇ ಇರಬೇಡಿ."

ಏಳನೇ ರೂಮಿನಲ್ಲಿ ಎರಡು ಮಂಚ. ಕಿಟಕಿ ಪಕ್ಕದ್ದು ಖಾಲಿ, ಗೋಡೆ ಪಕ್ಕದ್ದು ಇವನದು. ರಾತ್ರಿ ಪಾಳಿಯಲ್ಲಿ ಒಬ್ಬಳೇ ಸಿಸ್ಟರ್. ಎರಡು ಗಂಟೆಗೊಮ್ಮೆ ಬಾಗಿಲ ಗಾಜಿನಿಂದ ಬ್ಯಾಟರಿ ಹಾಕಿ, ದಿಂಬಿನ ಮೇಲಿನ ತಲೆ ಎಣಿಸಿ ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಯಾರಾದರೂ ಓಡಿಹೋಗಿದ್ದರೆ ತಿಳಿಯಬೇಕಲ್ಲ.

ಮೂರನೇ ರಾತ್ರಿ ಅವನು ಓಡಿಹೋಗಲು ತೀರ್ಮಾನಿಸಿದ್ದ. ಸಂಜೆಯೇ ಹಿತ್ತಲ ಗೋಡೆ ನೋಡಿಟ್ಟುಕೊಂಡಿದ್ದ. ಬಾವಿ ಹತ್ತಿ ಇಳಿದವರ ಜೊತೆ ಬಾಳಿದವನಿಗೆ ಆ ಗೋಡೆ ಯಾವ ಲೆಕ್ಕ? ಬೆವರಿನಲ್ಲಿ ಹಾಸಿಗೆ ತೊಯ್ದಿತ್ತು, ಆದರೂ ಚಳಿ. ಫ್ಯಾನು ಆರಿಸಿದ್ದ. ಇಡೀ ಕಟ್ಟಡದಲ್ಲಿ ಒಂದು ಸದ್ದಿಲ್ಲ, ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

ಎರಡು ಗಂಟೆಗೆ ಎದ್ದು ಬಾಗಿಲ ಚಿಲಕಕ್ಕೆ ಕೈ ಹಾಕಿದ.

ಸರಕ್.

ಜಗ್ಗು. ಈ ಸಲ ಎಂಥಾ ಜೋರು ಅಂದರೆ, ಅವನು ಹಿಂದಕ್ಕೆ ಎರಡು ಹೆಜ್ಜೆ ಬಂದ. ಒಂದು... ಎರಡು... ಮೂರು. ಜೇಬು ತಡಕಿದ. ಬಾಟ್ಲಿ ಎಲ್ಲಿಂದ ಬರಬೇಕು? ಗೋಡೆ ಹಾರಿದರೆ ಬಾಟ್ಲಿ ಸಿಗುತ್ತದೆ, ಜಗ್ಗು ನಿಲ್ಲುತ್ತದೆ. ಗೋಡೆ ಹಾರಿದರೆ ಇನ್ನೊಂದು ಸಲ ಅಕ್ಕ ಬಾವಿಯ ಹತ್ತಿರ ಬ್ಯಾಟರಿ ಹಿಡಿದು ಬರಬೇಕಾಗುತ್ತದೆ. ಎಷ್ಟೋ ಹೊತ್ತು ನಿಂತಿದ್ದ. ಕೊನೆಗೆ ಬೆಲ್ ಒತ್ತಿದ.

ಸಿಸ್ಟರ್ ಬಂದಳು. ಅವನ ನಾಡಿ ನೋಡಿ, ಡಾಕ್ಟರಮ್ಮನಿಗೆ ಫೋನು ಮಾಡಿ, ಇಂಜೆಕ್ಷನ್ ಕೊಟ್ಟು ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತಳು.

"ಏನಾಗ್ತಿದೆ ಅಣ್ಣ?"

"ಜಗ್ತಿದಾನೆ."

"ಯಾರು?"

ಎಂಟು ತಿಂಗಳು ನುಂಗಿಕೊಂಡಿದ್ದು ಆಗ ಹೊರಗೆ ಬಂತು, ಪಿಸುಮಾತಿನಲ್ಲಿ.

"ಅವತ್ತು ಮಧ್ಯಾಹ್ನ ಭಾವ ಮೂರು ಜಗ್ಗಿದ. ನಾನೂ ಮೂರು ಜಗ್ಗಿದೆ, ಎಳೀತೀನಿ ಅಂತ. ಕೈಗೆ ಅಭ್ಯಾಸ ಸಿಸ್ಟರ್, ತಲೆ ಕೇಳೋದಿಲ್ಲ. ನನ್ನ ಚೀಲ ನಾಲ್ಕು ಹೆಜ್ಜೆ ಆಚೆ ಇತ್ತು. ಬಾಟ್ಲಿ ಅದರಲ್ಲಿ. ಒಂದೇ ಗುಟುಕು ಹಾಕ್ಕೊಂಡು ಬಂದು ಎಳೀತೀನಿ ಅಂತ ಸೊಂಟದ ಸುತ್ತು ಬಿಚ್ಚಿದೆ. ಗೂಟಕ್ಕೆ ಸುತ್ತು ಇದೆಯಲ್ಲ ಅಂತ. ಬೆಳಿಗ್ಗೆ ಗೂಟಕ್ಕೆ ಸುತ್ತೇ ಹಾಕಿರಲಿಲ್ಲ ನಾನು... ಕುಡಿದಿದ್ದೆ. ಮರುಜಗ್ಗು ಕೊಟ್ಟಿದ್ದೆನಲ್ಲ, ಅವನು ನಂಬಿ ಕಲ್ಲು ಬಿಟ್ಟ. ಹಗ್ಗ ಸರ್ರ್... ಅಂತ ಹೋಯ್ತು. ಬಾಟ್ಲಿ ನನ್ನ ಬಾಯಲ್ಲಿತ್ತು."

ನಲ್ಲಿ ತೊಟ್ಟಿಕ್ಕುತ್ತಿತ್ತು.

"ಮತ್ತೆ ಜಗ್ಗಿದ," ಅಂದ ಅವನು. ಹಲ್ಲು ಕಟಕಟ ಅನ್ನುತ್ತಿತ್ತು.

ಅವಳು ಯಾಕೆ ಹಾಗೆ ಹೇಳಿದಳೋ ಅವಳಿಗೂ ಗೊತ್ತಿಲ್ಲ. ಬಾಯಿಗೆ ಬಂತು, ಹೇಳಿದೆ ಅಂತಾಳೆ. "ಹಾಗಾದ್ರೆ ಎಳೀರಿ ಅಣ್ಣ. ಮೇಲೆತ್ತಿ. ನಾನು ಇಲ್ಲೇ ಇರ್ತೀನಿ."

ಅವನು ಗಾಳಿಯಲ್ಲೇ ಮೂರು ಸಲ ಜಗ್ಗಿದ. ಮರುಜಗ್ಗು. ಆಮೇಲೆ ಕಾಲನ್ನು ಮಂಚದ ಕಂಬಿಗೆ ಒತ್ತಿ ಕೊಟ್ಟು ಎಳೆಯತೊಡಗಿದ. ಒಂದು ಕೈ, ಇನ್ನೊಂದು ಕೈ. ಒಂದು ಕೈ, ಇನ್ನೊಂದು ಕೈ. ಕೈಯಲ್ಲಿ ಏನೂ ಇರಲಿಲ್ಲ. ಆದರೆ ಅವನ ತೋಳಿನ ನರ ಉಬ್ಬಿ ನಿಂತಿದ್ದು, ಬೆನ್ನು ಬಾಗಿ ಬಾಗಿ ನೆಟ್ಟಗಾಗುತ್ತಿದ್ದದ್ದು ಸುಳ್ಳಲ್ಲ ಅಂತಾಳೆ ಸಿಸ್ಟರ್. ಒಂದು ಗಂಟೆ ಹೊತ್ತು. ನಡುವೆ ಅವಳಿಗೂ ಒಂದು ಸದ್ದು ಕೇಳಿತು. ಎಣ್ಣೆ ಕಾಣದ ರಾಟೆ ತಿರುಗುವ ಹಾಗೆ... ಕೀಂಯ್... ಕೀಂಯ್... ಫ್ಯಾನಿರಬೇಕು ಅಂದುಕೊಂಡಳು. ಆಮೇಲೆ ಮೇಲೆ ನೋಡಿದಳು. ಫ್ಯಾನು ನಿಂತಿತ್ತು.

ಮೂರೂವರೆ ಹೊತ್ತಿಗೆ ಅವನ ಕೈ ನಿಂತಿತು. ಉಸ್ಸೆಂದು ಉಸಿರು ಬಿಟ್ಟ. "ಬಂದ," ಅಂದ. ಅಷ್ಟೇ. ಮಗ್ಗುಲಾಗಿ ಬಿದ್ದು ನಿದ್ದೆ ಹೋದ. ಎಂಟು ತಿಂಗಳಲ್ಲಿ ಕುಡಿಯದೆ ಬಂದ ಮೊದಲನೇ ನಿದ್ದೆ.

ಸಿಸ್ಟರ್ ಎದ್ದು ತನ್ನ ಕೆಲಸಕ್ಕೆ ಹೋದಳು. ನಾಲ್ಕು ಗಂಟೆಗೆ ಎಂದಿನಂತೆ ಎಲ್ಲ ರೂಮಿನ ಗಾಜಿಗೂ ಬ್ಯಾಟರಿ ಹಾಕಿ, ತಲೆ ಎಣಿಸಿ, ಬರೆದಳು.

ಬೆಳಿಗ್ಗೆ ನೋಡಿದರೆ ಅವನ ಎರಡೂ ಅಂಗೈಯ ಚರ್ಮ ಕಿತ್ತುಹೋಗಿತ್ತು. ಡಾಕ್ಟರಮ್ಮ ಮುಲಾಮು ಹಚ್ಚಿ, ಮಂಚದ ಕಂಬಿ ಹಿಡಿದು ಹಾಗಾಗಿರುತ್ತೆ, ಈ ಸ್ಥಿತಿಯಲ್ಲಿ ಎಲ್ಲ ಆಗುತ್ತೆ ಅಂದಳು. ಇರಬಹುದು. ಅವಳು ಓದಿದವಳು. ಗಾಯದೊಳಗಿಂದ ಚಿಮಟದಲ್ಲಿ ತೆಗೆದ ನಾರಿನ ಎಳೆಗೆ ಮಾತ್ರ ಅವಳು ಏನೂ ಹೇಳಲಿಲ್ಲ.

ಭಾನುವಾರ ಅಕ್ಕ ಬಂದಳು. ಅವನು ಎಲ್ಲವನ್ನೂ ಹೇಳಿದ. ಹೇಳಲೇಬೇಕು ಅಂತ ಡಾಕ್ಟರಮ್ಮ ಹೇಳಿರಲಿಲ್ಲ, ಅವನೇ ಹೇಳಿದ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಎಂಟು ತಿಂಗಳು ನಾನು ಬಡಿಸಿದ್ದು ಹೇಗೋ ಇಳೀತು ನಿನ್ನ ಗಂಟಲಲ್ಲಿ?" ಅಂದಳು. ಎದ್ದು ಹೋದಳು.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಅವನು ಪ್ರತಿ ಸಲವೂ ಗಡ್ಡ ಬೋಳಿಸಿಕೊಂಡು, ತಲೆ ಬಾಚಿಕೊಂಡು, ಸಂಜೆವರೆಗೂ ಗೇಟು ನೋಡುತ್ತಾ ಕೂತಿದ್ದ. ಗೋಡೆಯ ಕಡೆಗೂ ನೋಡುತ್ತಿದ್ದ, ಸುಳ್ಳಲ್ಲ. ಹಾರಲಿಲ್ಲ. ಹೆಂಡದಾಸೆ ಇನ್ನೂ ಎದೆಯಲ್ಲೇ ಕೂತಿತ್ತು, ಆದರೆ ಸೊಂಟದಲ್ಲಿ ಜಗ್ಗುವುದು ಮಾತ್ರ ನಿಂತಿತ್ತು.

ಆಮೇಲಿನ ಭಾನುವಾರ ಬಂದಳು. ತೊಳೆದ ಎರಡು ಅಂಗಿ ತಂದಿದ್ದಳು.

"ನಿನ್ನನ್ನ ಕ್ಷಮಿಸಿಲ್ಲ," ಅಂದಳು. "ಕ್ಷಮಿಸ್ತೀನೋ ಇಲ್ವೋ ಗೊತ್ತಿಲ್ಲ. ಆದ್ರೆ ಹಿಡಿದ ಹಗ್ಗ ನಾನು ಬಿಡಲ್ಲ. ನಾನು ನೀನಲ್ಲ."

ಅವನು ಆಗ ಅತ್ತ. ಚಿಕ್ಕಂದಿನಲ್ಲಿ ಅಳುತ್ತಿದ್ದ ಹಾಗೆ, ಬಾಯಿ ಬಿಟ್ಟು.

ಅಂಗಿ ಇಡಲು ಅಕ್ಕ ಏಳನೇ ರೂಮಿಗೆ ಹೋದಾಗ, ಅವತ್ತು ಹಗಲು ಪಾಳಿಯಲ್ಲಿದ್ದ ಅದೇ ಸಿಸ್ಟರ್ ಅವಳ ಹಿಂದೆಯೇ ಹೋದಳು. ಕೈಯಲ್ಲಿ ಪುಸ್ತಕ. ಯಾರಿಗೂ ತೋರಿಸದ ಒಂದು ಹಾಳೆ ತೆಗೆದು ತೋರಿಸಿದಳು. ಮೂರನೇ ರಾತ್ರಿ, ನಾಲ್ಕು ಗಂಟೆ. ರೂಮು ಏಳು. ಅದರ ಮುಂದೆ ಅವಳದೇ ಅಕ್ಷರದಲ್ಲಿ: ಎರಡು ತಲೆ.

"ನಿದ್ದೆಗಣ್ಣಲ್ಲಿ ಬರೆದಿದ್ದಲ್ಲ ಅಕ್ಕ," ಅಂದಳು ಸಿಸ್ಟರ್ ಮೆಲ್ಲಗೆ. "ಎರಡಿತ್ತು. ಬರೆದ ಮೇಲೆ ಬೆಳಿಗ್ಗೆ ನೆನಪಾಯ್ತು, ಅಲ್ಲಿರೋದು ಒಬ್ಬರೇ ಅಂತ."

ಅಕ್ಕ ಆ ಅಂಕಿಯ ಮೇಲೆ ಬೆರಳಾಡಿಸಿದಳು. "ಯಾವ ಮಂಚ?"

ಸಿಸ್ಟರ್ ಕಿಟಕಿ ಪಕ್ಕದ್ದನ್ನು ತೋರಿಸಿದಳು. ಅಕ್ಕ ಹೋಗಿ ಅದರ ಮೇಲೆ ಕೂತಳು. ದಿಂಬಿನ ಮೇಲೆ ಅಂಗೈ ಇಟ್ಟುಕೊಂಡು, ಹೊರಡುವ ಗಂಟೆ ಹೊಡೆಯುವವರೆಗೂ ಹಾಗೇ ಕೂತಿದ್ದಳು.

ಇಷ್ಟೂ ನಾನು ಅಕ್ಕನ ಬಾಯಿಂದ ಕೇಳಿದ್ದು, ಆಮೇಲೆ ಸಿಸ್ಟರನ್ನೂ ಹುಡುಕಿಕೊಂಡು ಹೋಗಿ ಕೇಳಿದೆ. ಇಬ್ಬರದೂ ಒಂದೇ ಮಾತು. ಆ ಮಂಚಕ್ಕೆ ಒಂದು ತಿಂಗಳಿಂದ ಯಾರನ್ನೂ ಹಾಕಿರಲಿಲ್ಲ, ಹೊದಿಕೆ ದಿಂಬು ಎಲ್ಲ ಒಗೆದು ಒಣಗಿಸಿ ಹಾಸಿದ್ದು. ಬೇಸಿಗೆ ಬೇರೆ. ನಂಬಿ, ಬಿಡಿ, ಆದದ್ದು ಆದದ್ದೇ.

ಗಂಟೆ ಹೊಡೆದ ಮೇಲೆ ಅಕ್ಕ ಎದ್ದಳು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಮನೆಯಲ್ಲಿ ಹೇಳುವ ಹಾಗೇ, ತೀರಾ ಸಾಮಾನ್ಯವಾಗಿ, ಬಾಗಿಲಲ್ಲಿ ನಿಂತಿದ್ದ ತಮ್ಮನಿಗೆ ಹೇಳಿದಳು.

"ದಿಂಬು ಒದ್ದೆಯಿದೆ. ಬಿಸಿಲಿಗೆ ಹಾಕು."