ರಕ್ತ ಹತ್ತಂಗಿಲ್ಲಂತ

ಮಿರಜದ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಮ್ಹೈಸಾಳದ ಒಬ್ಬ ಅಜ್ಜಿ ಕೂತಿದ್ದಳು. ಮರಾಠಿ ಶಾಲೆಯಲ್ಲಿ ಕಲಿತ ಮೊಮ್ಮಗಳು ಕಾಜಲ, ಡಾಕ್ಟರು ಹೇಳಿದ್ದನ್ನು ತಡವರಿಸುತ್ತ ಕನ್ನಡಕ್ಕೆ ತಿರುಗಿಸುತ್ತಿದ್ದಳು.

“ರಕ್ತ ಹತ್ತಂಗಿಲ್ಲಂತ, ಆಯಿ.”

“ಅಯ್ಯ ಶಿವನ! ಉಂಡ ಅನ್ನ ಮೈಗೆ ಹತ್ತಲಿಲ್ಲ, ಗುಳಿಗಿ ಹತ್ತಲಿಲ್ಲ. ಈಗ ನಿಮ್ಮಜ್ಜಗ ರಕ್ತನೂ ಹತ್ತಂಗಿಲ್ಲಂತೇನ?”

“ಅಜ್ಜಗಲ್ಲ, ನಳಿಗಿ! ನರದಾಗ ನಳಿ ಹಾಕ್ತಾರಲ್ಲ, ಅದಕ್ಕ ನ್ಯಾನೊ ಲೇಪ ಹಚ್ಯಾರ. ನೀರು, ರಕ್ತ ಏನೂ ಚಿಕಟತ ನಾಹಿ... ಅಂಟಂಗಿಲ್ಲ. ನಮ್ಮ ಕಂಬಳಿ ಮ್ಯಾಲಿನ ಮಳಿ ಹನಿ ಹಂಗ ಜಾರಿ ಹೋಗ್ತೈತಿ. ಒಳಗ ಹೆಪ್ಪಗಟ್ಟಂಗಿಲ್ಲ.”

“ಆ ಲೇಪರೆ ಮೈಗೆ ಹತ್ತತೈತೇನ?”

“ಅದರಾಗ ಪ್ರೋಟೀನ್ ಐತಿ. ಮೈ ಅದನ್ನ ತನ್ನದ ಅನ್ಕೊಂತೈತಂತ.”

“ಅನ್ಕೊಳ್ಳಲಿಲ್ಲಂದ್ರ?”



ಅಷ್ಟರಲ್ಲಿ ಒಳಗಿನಿಂದ ಅಜ್ಜ ಜ್ಯೋತೆಪ್ಪನ ಕಡೆಯವರನ್ನು ಕರೆದರು. ಕಾಜಲ ಎದ್ದು ಅಜ್ಜಿಯ ಕೈ ಹಿಡಿದಳು. ಬಾಗಿಲ ಹತ್ತಿರ ಅಜ್ಜಿ ನಿಂತುಬಿಟ್ಟಳು.

“ತಡಿಯವಾ. ದೇವರಿಗೆ ಏನಂತ ಬೇಡ್ಕೊಳ್ಳಲಿ ಹೇಳು. ಹತ್ತಲಿ ಅಂತೇನ, ಹತ್ತಬಾರದು ಅಂತೇನ?”

ಕಾಜಲ ಅವಳನ್ನು ಒಳಗೆ ಕರೆದೊಯ್ದಳು; ಉತ್ತರ ನನಗೆ ಕೇಳಿಸುವ ಮೊದಲೇ ಬಾಗಿಲು ಮುಚ್ಚಿಕೊಂಡಿತು.