ಮುದುಕಿ ಹೊಲಿದ ಬಾವುಟ

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಸರಿಯಿರಿ. ಯಾವುದೋ ಕಾಲ, ಯಾವುದೋ ಸೀಮೆ. ಅಲ್ಲೊಬ್ಬ ರಾಜ. ಅವನಿಗೆ ಕೋಟೆ ಇತ್ತು, ಕುದುರೆ ಇತ್ತು, ಇಷ್ಟುದ್ದ ಮೀಸೆಯೂ ಇತ್ತು. ಬಾವುಟ ಮಾತ್ರ ಇರಲಿಲ್ಲ!

ಪಕ್ಕದ ಸೀಮೆಯ ದೊರೆ ದಂಡು ಕಟ್ಟಿಕೊಂಡು ಬಂದ. "ಬಾವುಟ ಹಾರದ ಕೋಟಿಗೆ ವಾರಸುದಾರರಿಲ್ಲ. ಮೂರು ದಿನದಾಗ ಹಾರಸ್ರಿ, ಇಲ್ಲಾಂದ್ರ ಕೋಟಿ ನಂದು" ಅಂದ. ಎಂಥ ಮಾತು ನೋಡಿ! ರಾಜ ಹೊಲಿಯುವವರನ್ನು ಹುಡುಕಿಕೊಂಡು ಓಡಿದ.

ಊರಲ್ಲಿ ಸೂಜಿ ಹಿಡಿಯುವವಳು ಒಬ್ಬಳೇ, ಹಳೆ ಬಟ್ಟೆಯ ಪದರ ಜೋಡಿಸಿ ಕೌದಿ ಹೊಲಿಯುವ ಮುದುಕಿ ಗುರುಬಸವ್ವ. ರಾಜ ದಪ್ಪ ಮಖಮಲ್ಲು ಕೊಟ್ಟ. "ಯವ್ವಾ, ಮ್ಯಾಲೊಂದು ಹುಲಿ ಇರ್ಲಿ, ಅದಕ್ಕ ನನ್ನ ಮೀಸಿ ಇರ್ಲಿ" ಅಂದ.

ಒಂದು ದಿನ ಹೊಲಿದಳು, ಎರಡು ದಿನ ಹೊಲಿದಳು, ಮೂರನೇ ದಿನ ದಾರ ಕಡಿದಳು. ಹುಟ್ಟಿದಾಗಿಂದ ಕೌದಿ ಹೊಲಿದ ಕೈ, ಕೇಳಬೇಕೆ? ಮೇಲೆ ಹುಲಿ, ನಡುವೆ ನಾಲ್ಕು ಪದರ ಧೋತರ, ಅಡಿಯಲ್ಲಿ ತುಂಡುಬಟ್ಟೆಯ ಅಸ್ತರ!

ಕಂಬಕ್ಕೆ ಏರಿಸಿದರು. ಗಾಳಿ ಬಂತು, ಬಾವುಟ ಅಲುಗಲಿಲ್ಲ. ಜೋರು ಗಾಳಿ ಬಂತು, ಅಲುಗಲಿಲ್ಲ. ಬಿರುಗಾಳಿ ಬಂತು, ರಾಜನ ಪೇಟ ಹಾರಿಹೋಯಿತು, ಬಾವುಟ ಅಲುಗಲಿಲ್ಲ.

ದೊರೆ ಹೊಟ್ಟೆ ಹಿಡಿದು ನಕ್ಕ. "ಏನ್ರಿ, ಹಾಸಿಗಿ ಒಣಗಾಕ ಹಾಕೀರೇನು?" ದಂಡು ಕತ್ತಿ ಹಿರಿಯಿತು.

"ಯವ್ವಾ, ಮುಳುಗಿಸಿಬಿಟ್ಟೆಲ್ಲ!" ರಾಜ ಅಳುವಂತಾದ.

"ತಡಿ ನನ್ನಪ್ಪಾ. ಹೊಲದಾಕಿಗೆ ಬಿಚ್ಚಾಕ ಬರೂದಿಲ್ಲೇನು?"

ಇಳಿಸಿದಳು, ದಾರ ಕಿತ್ತಳು. ಹುಲಿ ಬಿತ್ತು, ಮೀಸೆ ಬಿತ್ತು, ಧೋತರ ಬಿತ್ತು. ಉಳಿದದ್ದು ಅಸ್ತರ. ಕೌದಿಯ ಪದ್ಧತಿ ಗೊತ್ತಲ್ಲ? ಅಸ್ತರಕ್ಕೆ ಉಟ್ಟು ಉಟ್ಟು ಮೆತ್ತಗಾದ ಬಟ್ಟೆಯೇ ಆಗಬೇಕು. ಅದಕ್ಕೇ ಮನೆಮನೆಗೆ ಹೋಗಿ ಒಂದೊಂದು ತುಂಡು ಕೇಳಿ ತಂದಿದ್ದಳು. ಅದನ್ನು ಏರಿಸಿದ್ದೇ ತಡ, ಪಟಪಟ ಹಾರಿತು!

ದೊರೆ ಹುಬ್ಬು ಗಂಟಿಕ್ಕಿದ. "ಈ ಚಿಂದಿಗೆ ವಾರಸುದಾರ ಯಾರು?"

"ಆ ಹಸರು ನನ್ನ ಸೀರಿ!" ಬಳೆಗಾರ್ತಿ ಕೂಗಿದಳು.

"ಆ ಕೆಂಪು ನಮ್ಮಪ್ಪನ ರುಮಾಲು!" ಕುಂಬಾರ ಕೂಗಿದ.

"ಆ ಹಳದಿ ನನ್ನ ಕೂಸಿನ ಕುಂಚಿಗಿ!" ಬಾಣಂತಿ ಕೂಗಿದಳು.

ಕೂಗುತ್ತ ಕೂಗುತ್ತ ಇಡೀ ಊರೇ ಬಂದು ಕಂಬದ ಸುತ್ತ ನಿಂತಿತು. ಒನಕೆ ಹಿಡಿದವರೂ ಇದ್ದರು. ಒಬ್ಬ ವಾರಸುದಾರನಾದರೆ ಓಡಿಸಬಹುದು, ಇಷ್ಟು ಮಂದಿಯನ್ನು ಹೇಗೆ ಓಡಿಸುವುದು? ದೊರೆ ತೆಪ್ಪಗೆ ಕುದುರೆ ತಿರುಗಿಸಿದ.

ರಾಜ ಅಬ್ಬಾ ಎಂದು ನೆಲದ ಮೇಲೇ ಕೂತುಬಿಟ್ಟ. ಎದೆ ಹಗುರವಾಗಿತ್ತು. ಮೇಲೆ ನೋಡಿದ, ಮತ್ತೆ ನೋಡಿದ.

"ಯವ್ವಾ, ಅದರಾಗ ನಂದೊಂದು ತುಂಡು ಐತೇನು?"

"ನೀ ಹಳೇದು ಎಲ್ಲಿ ಕೊಟ್ಟಿ? ಕೊಟ್ಟಿದ್ದೆಲ್ಲಾ ಹೊಸಾದು."

ರಾಜ ಉಟ್ಟ ಧೋತರದ ಅಂಚು ಪರ್ರನೆ ಹರಿದು ಕೊಟ್ಟ. ಗುರುಬಸವ್ವ ಕೆಳಗಿನ ಮೂಲೆಗೆ ಹಚ್ಚಿ ಹೊಲಿದಳು.

ಆ ಬಾವುಟ ಅಲ್ಲಿ ಹಾರುತ್ತಿರಲಿ. ನನ್ನ ಗಂಟಲು ಇಲ್ಲಿ ಒಣಗಿದೆ, ಯಾರಾದರೂ ಎದ್ದು ಮಜ್ಜಿಗೆ ತನ್ನಿ.